ಮಣಿಯ ಕೂದಲು ಯಾರ ಮನೆಯಲ್ಲಿ ಉದುರಿತು

ಮಾರಂಡಹಳ್ಳಿ
2 ಜೂನ್ 2024, ಭಾನುವಾರ

ನನ್ನ ಮಗಳು ಸರಿತಾಗೆ,

ನಮ್ಮ ನಾಯಿ ಮಣಿಗೆ ಕಜ್ಜಿಹುಳು ಇಲ್ಲ. ಇದನ್ನು ಹೇಳಿದವರು ಪಾಲಕ್ಕೋಡಿನಲ್ಲಿ ನಾಯಿ, ದನ ನೋಡುವ ಡಾಕ್ಟರ್ ಭುವನಾ. ನಿನ್ನೆ ಬೆಳಿಗ್ಗೆ ನಾನೇ ಮಣಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿಕೊಂಡು ಬಂದೆ.

ಸುದ್ದಿ ಮೊದಲು, ಕುಶಲ ಆಮೇಲೆ. ‘ಅಮ್ಮ ರೇಡಿಯೋ ನ್ಯೂಸ್ ಓದ್ತಾಳೆ’ ಅಂತ ನೀನು ನಗುತ್ತೀಯ, ನಗು. ಹೊಸೂರಿನಲ್ಲಿ ನಿನ್ನ ತಾತ ಪೇಪರ್ ಏಜೆಂಟ್ ಆಗಿದ್ದರು. ಬೆಳಗಿನ ಬಸ್ಸಿನಿಂದ ಇಳಿದ ಕಟ್ಟು ಮನೆಮನೆಗೆ ಹೋಗುವ ಮುಂಚೆ ಅದನ್ನು ಓದಿ ಮುಗಿಸುತ್ತಿದ್ದವಳು ನಾನು. ಬೇರೆ ಥರ ಬರೆಯಲು ನನಗೆ ಬರುವುದಿಲ್ಲ.

ನೀನು ಸೇಲಂನಿಂದ ಎರಡು ಸಲ ಕೇಳಿ ಕಳಿಸಿದರೂ ಬರೆಯುವುದು ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಚಾಕಿ ಸೆಂಟರಿನಿಂದ ಮರಿಹುಳು ಬಂದು ಇಳಿದಿವೆ. ಹುಳುಮನೆ ತೊಳೆದು, ಸುಣ್ಣ ಹೊಡೆದು, ತಟ್ಟೆ ಜೋಡಿಸಿ, ಸೊಪ್ಪು ಹಾಕಲು ಶುರು ಮಾಡಿದ್ದೇವೆ. ರೇಷ್ಮೆ ಹುಳುವಿನ ಮುಂದೆ ಮನುಷ್ಯರಿಗೆ ಬಿಡುವಿಲ್ಲ, ನಿನಗೆ ಗೊತ್ತಿರುವ ವಿಷಯ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಫೋನ್ ಮಾಡುವುದು ನಿನ್ನ ಚಿತ್ತಿ ಕಲೈವಾಣಿಯ ಫೋನಿಗೆ. ನಾನು ಸೊಪ್ಪಿನ ಕೈ ತೊಳೆದು ಗೋಡೆ ಹತ್ತಿರ ಬರುವಷ್ಟರಲ್ಲಿ ಮಾತೆಲ್ಲ ಮುಗಿದಿರುತ್ತದೆ. ನನ್ನ ಪಾಲಿಗೆ ಉಳಿಯುವುದು ‘ಊಟ ಆಯ್ತಾ ಅಮ್ಮ’. ಒಂದೇ ಗೋಡೆಯ ಆಚೆ ಈಚೆ ಬಾಳುವ ಓರಗಿತ್ತಿಯರು ನಾವು, ಅವಳು ಏನು ಮಾತಾಡಿದರೂ ನನಗೆ ಕೇಳುತ್ತದೆ. ನೀನು ಏನು ಹೇಳುತ್ತೀಯ ಎಂಬುದು ಮಾತ್ರ ಕೇಳುವುದಿಲ್ಲ. ಕಲೈವಾಣಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಈ ವಂಶದಲ್ಲಿ ಅದನ್ನು ಓದಬಲ್ಲವರು ನಾನು, ನೀನು ಇಬ್ಬರೇ. ಅದಕ್ಕೇ ಕಾಗದ.

ಮಣಿಯ ವಿಷಯಕ್ಕೆ ಬರುತ್ತೇನೆ. ಯುಗಾದಿ ಕಳೆದ ಮೇಲೆ ಅದರ ಹೊಟ್ಟೆಯ ಕೂದಲು ಉದುರಲು ಶುರುವಾಯಿತು. ಆಮೇಲೆ ಮೊಣಕೈ, ಆಮೇಲೆ ತೊಡೆಯ ಒಳಗಡೆ. ಈಗ ಅಲ್ಲೆಲ್ಲ ಚರ್ಮ ಕೆಂಪಾಗಿ, ಕೆಲವು ಕಡೆ ಕಪ್ಪಾಗಿ ಆನೆಯ ಚರ್ಮದ ಥರ ದಪ್ಪಗಾಗಿದೆ. ನೀನು ಮುದ್ದಾಡಿ ಬೆಳೆಸಿದ ನಾಯಿ ಇದೇನಾ ಅನ್ನಿಸುತ್ತದೆ. ಮೇಲಿನಿಂದ ನೋಡಿದರೆ ಹಳೇ ಮಣಿ, ಮಗುಚಿದರೆ ಯಾವುದೋ ಬೀದಿ ನಾಯಿ. ಎದುರು ಮನೆ ಮುನುಸ್ವಾಮಿ ಟ್ರಾಕ್ಟರಿನ ಸುಟ್ಟ ಆಯಿಲ್ ತಂದುಕೊಟ್ಟು, “ಹಚ್ಚಮ್ಮಾ, ಮೂರೇ ದಿನ” ಅಂದ. ನಾನು ಬೇವು, ಅರಿಶಿನ ಅರೆದು ಹಚ್ಚಿದೆ, ಆಯಿಲ್ ಹಚ್ಚಲಿಲ್ಲ. ಒಳ್ಳೆಯದೇ ಆಯಿತು. ಡಾಕ್ಟರ್ ಅದರ ಹೆಸರು ಕೇಳಿದ್ದಕ್ಕೇ ಬೈದರು. ನಾಯಿ ಅದನ್ನು ನೆಕ್ಕಿ ಹೊಟ್ಟೆ ಕೆಡಿಸಿಕೊಂಡು ಸಾಯುವುದೂ ಉಂಟಂತೆ.

ಡಾಕ್ಟರ್ ಮಣಿಯನ್ನು ಮೇಜಿನ ಮೇಲೆ ನಿಲ್ಲಿಸಿ ಮೊದಲು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿದರು. ಬಿದ್ದ ಕಪ್ಪು ಕಸವನ್ನು ಒದ್ದೆ ಹತ್ತಿಯ ಮೇಲೆ ಇಟ್ಟು ನೋಡಿದರು. ಚಿಗಟದ ಹಿಕ್ಕೆಯಾದರೆ ಕೆಂಪು ಬಿಡುತ್ತದಂತೆ. ಬಿಡಲಿಲ್ಲ, ಅದು ಬರೀ ಮಣ್ಣು. ಆಮೇಲೆ ಎಣ್ಣೆ ಸವರಿದ ಬ್ಲೇಡಿನಿಂದ ಹೊಟ್ಟೆಯ ಹತ್ತಿರ, ಮೊಣಕೈ ಹತ್ತಿರ ಚರ್ಮವನ್ನು ರಕ್ತ ಒಸರುವವರೆಗೆ ಕೆರೆದು, ಗಾಜಿಗೆ ಹಚ್ಚಿ, ಮೈಕ್ರೋಸ್ಕೋಪಿನಲ್ಲಿ ನೋಡಿದರು. ಮಣಿ ಕಿರುಚಲಿಲ್ಲ, ನನ್ನ ಸೀರೆಯಲ್ಲಿ ಮುಖ ಇಟ್ಟುಕೊಂಡಿತ್ತು. ಹುಳು ಇರಲಿಲ್ಲ. ನಾಲ್ಕು ಕೂದಲು ಕಿತ್ತು ಅವುಗಳ ತುದಿ ನೋಡಿದರು. ತುದಿ ಮುರಿದಿತ್ತು. ಅಂದರೆ ಕೂದಲು ತಾನಾಗಿ ಉದುರುತ್ತಿಲ್ಲ. ಚರ್ಮ ಉರಿಯುತ್ತದೆ, ನಾಯಿ ನೆಕ್ಕಿ ಕಚ್ಚಿ ಮುರಿದುಕೊಳ್ಳುತ್ತಿದೆ. ಫಂಗಸ್ ಇದೆಯೋ ಎಂದು ನೋಡಲು ಇನ್ನಷ್ಟು ಕೂದಲು ಬಾಟಲಿಗೆ ಹಾಕಿಕೊಂಡರು.

“ಮನೆಯಲ್ಲಿ ಯಾರಿಗಾದರೂ ತುರಿಕೆ ಇದೆಯಾ?” ಎಂದು ಕೇಳಿದರು. ಇಲ್ಲ ಅಂದೆ. “ಎಲ್ಲಿ ಮಲಗುತ್ತೆ?” ಎಂದು ಕೇಳಿದರು. “ನಮ್ಮನೇಲೇ ಮೇಡಂ. ಬೇರೆ ಎಲ್ಲೂ ಮಲಗಲ್ಲ” ಅಂದೆ. “ಏನು ತಿನ್ನುತ್ತೆ?” ಎಂದು ಕೇಳಿದರು.

ಈ ಪ್ರಶ್ನೆಗೇ ನಾನು ಕಾದಿದ್ದೆ. ನಮ್ಮ ಮನೆಯಲ್ಲಿ ಮುದ್ದೆ, ಮಜ್ಜಿಗೆ, ವಾರಕ್ಕೊಮ್ಮೆ ಮೊಟ್ಟೆ. ಪಕ್ಕದ ಮನೆಯಲ್ಲಿ ದಿನಾ ಕರುವಾಡು. ಉಪ್ಪು ಹಾಕಿ ಒಣಗಿಸಿದ ಮೀನು ತಿಂದ ನಾಯಿಗೆ ಕೂದಲು ನಿಲ್ಲುವುದಿಲ್ಲ ಎಂದು ಊರಿಗೆಲ್ಲ ಗೊತ್ತು, ನನ್ನ ಓರಗಿತ್ತಿಗೆ ಗೊತ್ತಿಲ್ಲ ಎಂದು ಹೇಳಿದೆ. ಉಪ್ಪಿಗೆ ಕೂದಲು ಉದುರುವುದಿಲ್ಲ, ಆದರೆ ಕೆಲವು ನಾಯಿಗೆ ಮೀನು ಒಗ್ಗದೆ ಇರಬಹುದು, ನೋಡೋಣ ಎಂದರು. ಅವರು ಹೇಳಿದ ಕ್ರಮ ಇದು: ಎರಡನ್ನು ಒಟ್ಟಿಗೆ ಬದಲಿಸಬಾರದು, ಬದಲಿಸಿದರೆ ಯಾವುದರಿಂದ ವಾಸಿಯಾಯಿತು ಅಂತ ಗೊತ್ತಾಗುವುದಿಲ್ಲ. ಮೊದಲು ಊಟ. ಒಂದೇ ಮನೆ, ಒಂದೇ ಕೈಯ ಊಟ.

ಆಟೋ ಇಳಿದವಳು ನಮ್ಮ ಮನೆಗೆ ಹೋಗಲಿಲ್ಲ, ಅವಳ ಬಾಗಿಲಿಗೇ ಹೋದೆ.

“ಕಲೈ, ಇವತ್ತಿಂದ ಮಣಿಗೆ ಏನೂ ಆಕಬ್ಯಾಡ. ಡಾಕ್ಟರ್ ಏಳವ್ರೆ.”

“ಕರುವಾಡಾಲಯಾ ಅಕ್ಕಾ? ಕರುವಾಡಿಂದನೇ ಇಂಗಾಯ್ತಾ?”

“ಟೆಸ್ಟು ನಡೀತಾ ಐತೆ.”

ಅವಳ ಕೈಯಲ್ಲಿ ಮಣಿಯ ತಟ್ಟೆ ಇತ್ತು. ಮುಖ ಇಳಿಯಿತು. ನನಗೆ ಸಂತೋಷವಾಯಿತು, ಸುಳ್ಳು ಬರೆಯುವುದು ಯಾಕೆ? ಅವಳಿಗೆ ಇಬ್ಬರು ಗಂಡುಮಕ್ಕಳಿದ್ದಾರೆ. ಆದರೂ ನನ್ನ ಮಗಳೂ ಬೇಕು, ನನ್ನ ನಾಯಿಯೂ ಬೇಕು. ನೀನು ಚಿಕ್ಕಮ್ಮ ಅನ್ನದೆ ಚಿತ್ತಿ ಅನ್ನುವುದು ಕಲಿತದ್ದೂ ಆ ಅಡುಗೆಮನೆಯಲ್ಲೇ. ನಾನು ಹುಳುವಿಗೆ ಸೊಪ್ಪು ಹಾಕಿ ಬರುವಷ್ಟರಲ್ಲಿ ಅಲ್ಲಿ ನಿನ್ನ ಊಟವೂ ಆಗಿರುತ್ತಿತ್ತು, ನಾಯಿಯ ಊಟವೂ ಆಗಿರುತ್ತಿತ್ತು.

ನಿಮ್ಮಪ್ಪ ನಕ್ಕರು. “ಲೇ, ನಾಯಿಗೇನು ತಾಳಿ ಕಟ್ಟಿದ್ದೀಯಾ? ಅಲ್ಲಿ ತಿಂದ್ರೆ ಏನು, ಇಲ್ಲಿ ತಿಂದ್ರೆ ಏನು?”

“ತಾಳಿ ಕಟ್ಟಿಲ್ಲ, ಅಗ್ಗ ಕಟ್ಟಿವ್ನಿ” ಅಂದೆ.

ನಿಜವಾಗಿಯೂ ಕಟ್ಟಿದ್ದೇನೆ. ಹುಳುಮನೆಯ ಬಾಗಿಲ ಪಕ್ಕದ ಕಂಬಕ್ಕೆ, ನನ್ನ ಕಣ್ಣಿಗೆ ಕಾಣುವ ಹಾಗೆ. ಅವಳು ಗೋಡೆಯ ಮೇಲಿಂದ ಏನಾದರೂ ಎಸೆದರೆ ತಿಳಿಯಬೇಕಲ್ಲ.

ನೀನು ವೇಳೆಗೆ ಸರಿಯಾಗಿ ಉಣ್ಣು. ಅಳಿಯ ಅಶ್ವತ್ಥ್‌ಗೆ ಕೇಳಿದೆ ಎಂದು ಹೇಳು. ನಿಮ್ಮಿಬ್ಬರ ಮನೆ ತಂಪಾಗಿರಲಿ. ಇದೇ 12ನೇ ತಾರೀಕು ಬುಧವಾರ ಮಣಿಯನ್ನು ಮತ್ತೆ ತೋರಿಸಬೇಕು.

ನಿನ್ನ ಅಮ್ಮ,
ಗೋವಿಂದಮ್ಮ


ಮಾರಂಡಹಳ್ಳಿ
7 ಜುಲೈ 2024, ಭಾನುವಾರ

ಸರಿತಾ ಕಣ್ಣು,

ಮಣಿಯ ಹೊಟ್ಟೆಯ ಮೇಲೆ ಕೂದಲು ಬರುತ್ತಿದೆ. ಮೊದಲು ಕಂಡವಳು ಕಲೈವಾಣಿ. ನಾನು ಹೋಗಿ ಕೈಯಿಂದ ಮುಟ್ಟಿ ನೋಡಿದೆ, ನಿಜ. ನಿಮ್ಮಪ್ಪನ ಎರಡು ದಿನದ ಗಡ್ಡದ ಹಾಗೆ ಚುಚ್ಚುತ್ತದೆ.

ಕಾರಣವೂ ಸಿಕ್ಕಿದೆ. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಿದರೆ ಆ ಕಾರಣವೇ ಉತ್ತರ. ಹೋದ ಕಾಗದದಲ್ಲಿ ನಾನು ಬರೆದಿದ್ದನ್ನೆಲ್ಲ ತಿದ್ದಬೇಕು. ಪೇಪರಿನವರು ತಪ್ಪು ಸುದ್ದಿ ಹಾಕಿದರೆ ಮರುದಿನ ಸಣ್ಣ ಅಕ್ಷರದಲ್ಲಿ ಒಂದು ಮೂಲೆಯಲ್ಲಿ ತಿದ್ದುತ್ತಾರೆ. ನನಗೆ ಅಷ್ಟು ಸಣ್ಣ ಅಕ್ಷರ ಬರುವುದಿಲ್ಲ.

12ನೇ ತಾರೀಕು ತೋರಿಸುವ ಹೊತ್ತಿಗೆ ಮಣಿಗೆ ಜಾಸ್ತಿಯಾಗಿತ್ತು. ಗದ್ದದ ಕೆಳಗೂ ಕೆಂಪು ಬಂದಿತ್ತು, ಹೊಟ್ಟೆಯಿಂದ ನೀರು ಒಸರುತ್ತಿತ್ತು. ಅವತ್ತು ನಿಮ್ಮಪ್ಪನೂ ಬಂದಿದ್ದರು. ಬಾಟಲಿಗೆ ಹಾಕಿದ ಕೂದಲಿನಲ್ಲಿ ಫಂಗಸ್ ಬೆಳೆದಿರಲಿಲ್ಲ. ಡಾಕ್ಟರ್ ಹೇಳಿದರು: “ಕರುವಾಡು ಬಿಟ್ಟ ಮೇಲೆ ಜಾಸ್ತಿಯಾಗಿದೆ. ಆದ್ದರಿಂದ ಕರುವಾಡು ಅಲ್ಲ. ನೋಡಿ, ಬೆನ್ನಿನ ಮೇಲೆ ಒಂದು ಕೂದಲೂ ಹೋಗಿಲ್ಲ. ನೆಲಕ್ಕೆ ತಾಗುವ ಜಾಗ ಮಾತ್ರ ಹೋಗಿದೆ. ಇದು ತಿನ್ನುವುದರಿಂದ ಬಂದದ್ದಲ್ಲ, ಮಲಗುವುದರಿಂದ ಬಂದದ್ದು. ಜಾಗ ಬದಲಿಸಿ. ಊಟ ಮೊದಲಿನ ಹಾಗೇ ಇರಲಿ, ಕರುವಾಡು ಸೇರಿ. ಇಟ್ಟುಕೊಳ್ಳುವವರು ಯಾರಾದರೂ ಇದ್ದಾರಾ?”

ಕಾರಿಮಂಗಲದಲ್ಲಿ ನನ್ನ ಅಕ್ಕನ ಮನೆ ಇದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಿಮ್ಮಪ್ಪ, “ಪಕ್ಕದಾಗೇ ನನ್ ತಮ್ಮನ ಮನೆ ಐತಲ್ಲ ಮೇಡಂ, ಅವ್ರ ಎಂಗಸ್ರು ಮಗಾನಂಗೆ ನೋಡ್ಕೋತಾರೆ” ಅಂದರು. ಅವರ ಕಾಲು ನನ್ನ ಕಾಲಿಗೆ ಎಟುಕಲಿಲ್ಲ, ಇಲ್ಲದಿದ್ದರೆ ತುಳಿಯುತ್ತಿದ್ದೆ.

ಸಂಜೆ ಹಗ್ಗ ಕೊಟ್ಟೆ. ಕಲೈವಾಣಿ ನಗಲಿಲ್ಲ. “ಅಕ್ಕಾ, ನೀವು ದಿನಾ ಬಂದು ನೋಡ್ರೀ. ಅದು ನಿಮ್ಮನ್ನ ತೇಡುತ್ತೆ” ಅಂದಳು. ಹುಡುಕುತ್ತದೆ ಎಂದು ಅವಳ ಮಾತು. ಅವಳು ಗೆದ್ದ ಮುಖ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ದಿನಾ ಗೋಡೆಯ ಆಚೆಯಿಂದ “ಡೇಯ್ ಮಣಿ, ಸಾಪ್ಟಿಯಾ? ಇಂಗ ವಾ ಡಾ” ಎಂದು, ಉಂಡೆಯಾ, ಇಲ್ಲಿ ಬಾರೋ ಎಂದು ಕರೆಯುವುದು ಕೇಳುತ್ತಿತ್ತು. ಅದು ತಮಿಳಿಗೂ ಬಾಲ ಆಡಿಸುವ ಸದ್ದು, ಬಾಲ ತಗಡಿನ ಡಬ್ಬಕ್ಕೆ ಬಡಿಯುವುದು ನನಗೆ ಗೊತ್ತಾಗುತ್ತಿತ್ತು. ನಾನು ಹುಳುವಿಗೆ ಸೊಪ್ಪು ಹಾಕುತ್ತಾ ಬೇಕೆಂದೇ ಜೋರಾಗಿ ಕೆಮ್ಮುತ್ತಿದ್ದೆ. ಡಬ್ಬದ ಸದ್ದು ನಿಲ್ಲುತ್ತಿತ್ತು. ಮಣಿ ಕಿವಿ ನಿಮಿರಿಸಿರುತ್ತದೆ ಎಂದುಕೊಂಡು ಇನ್ನೊಂದು ಸಲ ಕೆಮ್ಮುತ್ತಿದ್ದೆ. ಒಂದು ದಿನ ಅವಳು ಕಷಾಯ ಮಾಡಿ ಗೋಡೆಯ ಮೇಲೆ ಇಟ್ಟಳು. ಕುಡಿದೆ, ಏನು ಮಾಡಲಿ?

ಅಲ್ಲಿಗೆ ಹೋದ ಒಂದು ವಾರಕ್ಕೇ ಕೆಂಪು ಇಳಿಯಿತು. ನೀರು ಒಸರುವುದು ನಿಂತಿತು. ನನಗೆ ಸಂತೋಷವಾಗಬೇಕಿತ್ತು. ಅವಳು ಏನೋ ಮುಲಾಮು ಕದ್ದು ಹಚ್ಚುತ್ತಿದ್ದಾಳೆ ಎಂದು ನಿಮ್ಮಪ್ಪನ ಹತ್ತಿರ ಹೇಳಿದೆ. “ಅಚ್ಲಿ ಬಿಡು, ವಾಸಿಯಾಗೋದು ಬೇಡ್ವಾ ನಿಂಗೆ?” ಅಂದರು.

ಹುಳು ನಾಲ್ಕನೇ ಸಲ ಪೊರೆ ಬಿಟ್ಟು, ಜ್ವರದಿಂದ ಎದ್ದು, ಹೊಟ್ಟೆಬಾಕರ ಹಾಗೆ ಸೊಪ್ಪು ತಿನ್ನುವ ಹೊತ್ತು. ಒಂದು ದಿನ ಬೆಳಿಗ್ಗೆ ನಾನು ಒಳಗಿದ್ದೆ. ತಿರುಗಿ ನೋಡಿದರೆ ಮಣಿ ಹಗ್ಗ ಕಡಿದುಕೊಂಡು ಬಂದು ಹುಳುಮನೆಯ ಹೊಸ್ತಿಲ ಮೇಲೆ ಮಲಗಿದೆ. ನಾಯಿ ಒಳಗೆ ಬರಬಾರದು, ಅದಕ್ಕೂ ಗೊತ್ತು. ಗದ್ದವನ್ನು ಕಾಲಿನ ಮೇಲೆ ಇಟ್ಟು, ಕಣ್ಣು ಮಾತ್ರ ನನ್ನ ಹಿಂದೆ ಓಡಾಡಿಸುತ್ತಿತ್ತು. ನೀನು ಇಲ್ಲಿದ್ದಾಗಲೂ ಅದು ಹಾಗೇ ಮಲಗುತ್ತಿತ್ತಲ್ಲ. ಓಡಿಸಬೇಕಿತ್ತು. ಮಧ್ಯಾಹ್ನದ ಸೊಪ್ಪು ಹಾಕುವವರೆಗೂ ನಾನು ಓಡಿಸಲಿಲ್ಲ. ಆಚೆ ಅವಳು “ಮಣೀ, ಮಣೀ” ಎಂದು ಬೀದಿಯೆಲ್ಲ ಕೂಗಿಕೊಂಡು ಹೋಗುತ್ತಿದ್ದಳು. ಕೂಗಲಿ ಎಂದು ಸುಮ್ಮನಿದ್ದೆ.

ಕೊನೆಗೆ ಇಲ್ಲಿಗೇ ಬಂದಳು. ಮಣಿ ಎದ್ದು ನಿಂತಿತು. ಹೊಟ್ಟೆ, ಗದ್ದ, ಮೊಣಕೈ ಎಲ್ಲ ಬೆಳ್ಳಗೆ. ಹೊಸ್ತಿಲ ಮೇಲಿನ ಪುಡಿಯಲ್ಲಿ ಅದು ಮಲಗಿದ ಅಚ್ಚು ಹಾಗೇ ಬಿದ್ದಿತ್ತು. ಅವಳು ಜೋರಾಗಿ ನಕ್ಕಳು. “ಪಾರುಂಗ ಅಕ್ಕಾ, ಪೌಡರ್ ಆಕ್ಕೊಂಡು ಮದುವೆ ಗಂಡು ಒಂಟವ್ನೆ!” ಎಂದು ಫೋನಿನಲ್ಲಿ ಫೋಟೋ ತೆಗೆದಳು. ಎಲ್ಲರಿಗೂ ಕಳಿಸುವ ಅಭ್ಯಾಸ ಅವಳದು. ಡಾಕ್ಟರಿಗೂ ಕಳಿಸಿದಳು, ನಾಯಿ ಹುಷಾರಾಗಿ ಓಡಾಡುತ್ತಿದೆ ಎಂದು ತೋರಿಸಲು.

ಸ್ವಲ್ಪ ಹೊತ್ತಿಗೇ ಡಾಕ್ಟರ್ ಅವಳಿಗೆ ಫೋನ್ ಮಾಡಿದರು, ಅವಳು ಅದನ್ನು ನನ್ನ ಕೈಗೆ ಕೊಟ್ಟಳು. ಅವರು ಕೇಳಿದ್ದು ಒಂದೇ: “ಆ ಬಿಳಿ ಪುಡಿ ಏನು?”

ಸುಣ್ಣ ಮತ್ತು ಬ್ಲೀಚಿಂಗ್ ಪೌಡರ್. ಹುಳುವಿಗೆ ಹಾಲುತೊಂಡೆ ರೋಗ ಬಾರದಿರಲಿ ಎಂದು ಹುಳು ಸಾಕುವ ಪ್ರತಿ ಮನೆಯ ಬಾಗಿಲಿಗೂ ಹಾಕುತ್ತಾರೆ. ಯಾರು ಒಳಗೆ ಬಂದರೂ ಅದನ್ನು ತುಳಿದೇ ಬರಬೇಕು. ಹೋದ ವರ್ಷ ಒಂದು ಬೆಳೆ ಪೂರ್ತಿ ಹೋದ ಮೇಲೆ, ಈ ಯುಗಾದಿಯಿಂದ ನಾನು ಕೈ ಬಿಚ್ಚಿ ಹಾಕುತ್ತಿದ್ದೇನೆ. ನಮ್ಮ ಅಂಗಾಲಿಗೆ ಅದು ಏನೂ ಮಾಡುವುದಿಲ್ಲ. ನಾವು ಕಾಲಿಟ್ಟು ದಾಟಿಹೋಗುತ್ತೇವೆ. ಮಣಿ ಹೊಟ್ಟೆ ಇಟ್ಟು ಕಾಯುತ್ತದೆ. ಹೊಸ್ತಿಲ ಪಕ್ಕದಲ್ಲಿ ಸೊಪ್ಪಿಗೆ ಹೊದಿಸುವ ಒದ್ದೆ ಗೋಣಿ ಇರುತ್ತದೆ, ಅದರಿಂದ ಒದ್ದೆಯಾದ ಹೊಟ್ಟೆಗೆ ಆ ಪುಡಿ ತಾಗಿದರೆ ಸುಡುತ್ತದಂತೆ. ನಾನೇ ಅದನ್ನು ಆ ಕಂಬಕ್ಕೆ ಕಟ್ಟಿ ಕೂರಿಸಿದ್ದೆ.

“ಎಲ್ಲಿ ಮಲಗುತ್ತೆ ಅಂತ ಅವತ್ತೇ ಕೇಳಿದ್ದೆನಲ್ಲಮ್ಮಾ?” ಅಂದರು ಡಾಕ್ಟರ್. ಕೇಳಿದ್ದರು. ಅವರು ಜಾಗ ಕೇಳಿದ್ದರು, ನಾನು ಮನೆ ಯಾರದು ಎಂದು ಹೇಳಿದ್ದೆ.

ಅವತ್ತು ಸಂಜೆಯೇ ಮಣಿಯ ಹೊಟ್ಟೆ ಮತ್ತೆ ಕೆಂಪಾಯಿತು. ಅದೇ ಕೊನೆಯ ರುಜುವಾತು. ತೊಳೆಯಲು ತಣ್ಣೀರು, ಹಚ್ಚಲು ಮುಲಾಮು ಬರೆದುಕೊಟ್ಟರು. ಹುಳು ಇರುವಷ್ಟು ದಿನ ನಾಯಿ ಆ ಬಾಗಿಲಿಗೆ ಬರಕೂಡದು ಎಂದರು. ನಮ್ಮಲ್ಲಿ ಹುಳು ಇಲ್ಲದ ತಿಂಗಳು ಯಾವುದಿದೆ? ನಿಮ್ಮಪ್ಪ ತಡಿಕೆ ಕಟ್ಟಿ ನೋಡಿದರು, ಮಣಿ ಅದರ ಕೆಳಗಿನಿಂದ ನುಸುಳಿತು. ಪುಡಿ ನಿಲ್ಲಿಸಿದರೆ ಹುಳು ಹೋಗುತ್ತದೆ. ಆದ್ದರಿಂದ ಮಣಿ ಇನ್ನು ಮುಂದೆ ಅಲ್ಲೇ. ಇದನ್ನು ನಿರ್ಧರಿಸಿದವಳು ನಾನೇ, ಯಾರೂ ನನ್ನಿಂದ ಕಿತ್ತುಕೊಳ್ಳಲಿಲ್ಲ. ಬುಟ್ಟಿ, ಗೋಣಿ, ತಟ್ಟೆ ಎಲ್ಲ ಕೊಟ್ಟುಬಂದೆ.

ಕೊಡುವಾಗ ಒಂದು ಮಾತು ಹೇಳದೆ ಇರಲಾಗಲಿಲ್ಲ. “ಕಲೈ, ಒಂದು ತಿಳ್ಕೋ. ನಿನ್ ಬಾಗಿಲಾಗೆ ಅದು ತಿನ್ನಕ್ಕೆ ಬತ್ತಿತ್ತು. ಮಲಗಕ್ಕೆ ನನ್ ಬಾಗಿಲಿಗೇ ಬತ್ತಿತ್ತು. ಅದಕ್ಕೇ ಇಂಗಾಗಿದ್ದು.”

ಜಗಳಕ್ಕೆ ಬರುತ್ತಾಳೆ ಎಂದುಕೊಂಡೆ. “ಆಮಾ ಅಕ್ಕಾ, ಅದಕ್ಕೆ ನೀವಂದ್ರೇ ಇಷ್ಟ” ಅಂದಳು. ಇಂಥವಳ ಜೊತೆ ಹೇಗೆ ಜಗಳವಾಡುವುದು ನೀನೇ ಹೇಳು. ಅವಳು ಒಳ್ಳೆಯವಳು ಎಂದು ಊರೆಲ್ಲ ಹೇಳುತ್ತದೆ. ನಾನೂ ಹೇಳುತ್ತೇನೆ. ಹೇಳಿದಾಗಲೆಲ್ಲ ಎದೆಯಲ್ಲಿ ಏನೋ ಕೆರೆದಂತಾಗುತ್ತದೆ.

ಗೂಡು ಚೆನ್ನಾಗಿ ಬಂತು, ಧರ್ಮಪುರಿ ಮಾರ್ಕೆಟ್ಟಿಗೆ ಹೋಯಿತು. ಮದುವೆಯಾದ ಮೇಲೆ ನಿನಗೆ ಇದು ಮೊದಲ ಆಡಿ ತಿಂಗಳು, ತಮಿಳರ ಆಷಾಢ. ಆಡಿ ಹುಟ್ಟುವ ಮುಂಚೆ, 14ನೇ ತಾರೀಕು ಭಾನುವಾರ, ನಿನ್ನನ್ನು ತವರಿಗೆ ಕರೆತರಲು ನಿಮ್ಮಪ್ಪನೂ ಕಲೈವಾಣಿಯೂ ಬರುವುದೆಂದು ಮಾತಾಗಿತ್ತು. ಅವತ್ತು ಚಾಕಿ ಹುಳು ಬರುವ ದಿನ, ನನಗೆ ಬರಲಾಗುವುದಿಲ್ಲ ಎಂದು ಎಲ್ಲರೂ ತಾವೇ ತೀರ್ಮಾನ ಮಾಡಿದ್ದರು. ಬುಧವಾರ ಮಣಿಯನ್ನು ಪಾಲಕ್ಕೋಡಿನಲ್ಲಿ ಕೊನೆಯ ಸಲ ತೋರಿಸುವುದಿದೆ, ಅದಕ್ಕೆ ಕಲೈವಾಣಿ ಹೋಗುತ್ತಾಳೆ.

ನಿನ್ನ ಮೈ, ಮನಸ್ಸು ಎರಡೂ ಗಟ್ಟಿಯಾಗಿರಲಿ. ನಿನ್ನ ಮನೆಯ ದೀಪ ಚೆನ್ನಾಗಿ ಉರಿಯಲಿ. ಅಶ್ವತ್ಥ್‌ಗೂ ನನ್ನ ಆಶೀರ್ವಾದ.

ನಿನ್ನ ಅಮ್ಮ,
ಗೋವಿಂದಮ್ಮ

ಮರೆತ ಮಾತು: ಮೊನ್ನೆ ಮಣಿಗೆ ಮುಲಾಮು ಹಚ್ಚುತ್ತಾ ಕಲೈವಾಣಿ, “ಅಕ್ಕಾ, ಸರಿತಾನ ಬಸ್ಸಲ್ಲಿ ಕರ್ಕೊಂಡು ಬರಾದು ಬ್ಯಾಡ. ಮೂಣು ಮಾಸ ಅಲ್ವಾ, ಕುಲುಕಾಟ ಆಗಬಾರ್ದು” ಅಂದಳು. ನನಗೆ ಗೊತ್ತಿದೆ ಎಂದೇ ತಿಳಿದು ಹೇಳಿದಳು. ನಾನು ಮುಲಾಮಿನ ಮುಚ್ಚಳ ಹುಡುಕುವ ಹಾಗೆ ತಲೆ ಬಗ್ಗಿಸಿ, “ಗೊತ್ತು, ಸರಿತಾ ಏಳಿದ್ಲು” ಅಂದೆ. ನಿನಗೆ ಮೂರು ತಿಂಗಳು ಅಂದರೆ, ಅಷ್ಟೂ ದಿನ ನಾನು ನಿನ್ನ ‘ಊಟ ಆಯ್ತಾ’ಗೆ ಉತ್ತರ ಕೊಡುತ್ತಿದ್ದ ಹೊತ್ತು. ನಾನು ಹುಳುವಿನ ಕೆಲಸದಲ್ಲಿದ್ದೆ ಎಂದು ನೀನು ಹೇಳಬಹುದು, ಅದು ನಿಜ. ಆದರೂ ನನಗೆ ಹೇಳಬೇಕಿತ್ತು ಕಣೇ. ಅವಳು ಕೇಳಿದರೆ, ಅಮ್ಮನಿಗೇ ಮೊದಲು ಹೇಳಿದೆ ಅನ್ನು. ಈ ಸಲ ಚಾಕಿ ಹುಳು ಬೇಡವೆಂದು ಸೆಂಟರಿಗೆ ಹೇಳಿದ್ದೇನೆ. ಸೊಪ್ಪನ್ನು ಮುನುಸ್ವಾಮಿ ಕೊಯ್ದುಕೊಳ್ಳುತ್ತಾನೆ. ಭಾನುವಾರ ಬೆಳಗಿನ ಬಸ್ಸಿಗೆ ಹೊರಟು, ಧರ್ಮಪುರಿಯಲ್ಲಿ ಇಳಿದು ಸೇಲಂ ಬಸ್ಸು ಹಿಡಿದು, ಹತ್ತು ಗಂಟೆಗೆ ನಾನು ಬರುತ್ತೇನೆ. ವಾಪಸ್ಸಿಗೆ ಕಾರು ಹೇಳಿದೆ.